ಕರಾವಳಿಯ ತಗಡು ಪ್ರೆಸ್‌ಗಳಿಗೆ ಜಾರುಲೇಪನ: ಆರಿಸುವುದು, ಹಚ್ಚುವುದು, ತೆಗೆಯುವುದು

ಕಾರವಾರ, ಕುಮಟಾ, ಹೊನ್ನಾವರದ ಸಣ್ಣ ವರ್ಕ್‌ಶಾಪುಗಳಲ್ಲಿರಲಿ, ಘಟ್ಟದ ಮೇಲಿನ ಶಿರಸಿಯಲ್ಲಿರಲಿ, ತಗಡನ್ನು ಪ್ರೆಸ್ಸಿಗೆ ಕೊಟ್ಟು ಬಟ್ಟಲು, ಮುಚ್ಚಳ, ಎಂಜಿನ್ನಿನ ಕವಚ, ಅಡಿಕೆ ಸುಲಿಯುವ ಯಂತ್ರದ ಬಿಡಿಭಾಗಗಳಂಥವನ್ನು ಒತ್ತುವವರ ತೊಂದರೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಬಟ್ಟಲು ತಳದ ತಿರುವಿನಲ್ಲಿ ಹರಿಯುತ್ತದೆ, ಇಲ್ಲವೇ ಗೋಡೆಯ ಮೇಲೆ ಉದ್ದುದ್ದ ಗೀರು ಬೀಳುತ್ತದೆ. ಆಗ ಮೊದಲು ತಗಡನ್ನು ದೂರುತ್ತಾರೆ, ಆಮೇಲೆ ಡೈಯನ್ನು, ಎಂದರೆ ತಗಡಿಗೆ ಆಕಾರ ಕೊಡುವ ಅಚ್ಚನ್ನು. ತಗಡಿಗೂ ಡೈಗೂ ನಡುವೆ ಇರಬೇಕಾದ ಕೆಲವೇ ಮೈಕ್ರಾನ್ ದಪ್ಪದ ಜಾರುಪದರದ ಮೇಲೆ ಕಣ್ಣು ಬೀಳುವುದು ಎಲ್ಲಕ್ಕಿಂತ ಕಡೆಗೆ. ನನ್ನ ಅನುಭವದಲ್ಲಿ ವಿಚಾರಣೆ ಶುರುವಾಗಬೇಕಾದದ್ದು ಅಲ್ಲಿಂದ.

ಜಾರುಲೇಪನವನ್ನು ಲೋಹ ನೋಡಿ ಆರಿಸುವುದು ವಾಡಿಕೆ. ಉತ್ತರ ಕನ್ನಡದ ಕರಾವಳಿಯಲ್ಲಿ ಅದರ ಜೊತೆಗೆ ಇನ್ನೆರಡು ವಿಷಯಗಳನ್ನು ನೋಡದೆ ನಡೆಯುವುದಿಲ್ಲ. ಒಂದು, ಇಲ್ಲಿನ ಉಪ್ಪುಗಾಳಿ ಮತ್ತು ತೇವದಲ್ಲಿ ಆ ಲೇಪನ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು. ಇನ್ನೊಂದು, ಒತ್ತಿದ ಮೇಲೆ ಅದನ್ನು ನಮ್ಮಲ್ಲಿರುವ ನೀರು, ತೊಟ್ಟಿ, ಒಲೆಗಳಿಂದಲೇ ಪೂರ್ತಿ ತೊಳೆದು ತೆಗೆಯಲು ಸಾಧ್ಯವೇ ಎಂಬುದು. ಈ ಲೇಖನವನ್ನು ಆ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡೇ ಬರೆದಿದ್ದೇನೆ.

ಎಲ್ಲಿ ಜಾರಬೇಕು, ಎಲ್ಲಿ ಹಿಡಿಯಬೇಕು

100 ಮಿ.ಮೀ. ವ್ಯಾಸದ, 50 ಮಿ.ಮೀ. ಆಳದ, ಚಪ್ಪಟೆ ತಳದ ಬಟ್ಟಲೊಂದನ್ನು ತೆಗೆದುಕೊಳ್ಳೋಣ. ತಗಡಿನ ದಪ್ಪ ಬದಲಾಗುವುದಿಲ್ಲವೆಂದು ಎಣಿಸಿ ಲೆಕ್ಕ ಹಾಕಿದರೆ ಅದಕ್ಕೆ ಸುಮಾರು 173 ಮಿ.ಮೀ. ವ್ಯಾಸದ ಬ್ಲ್ಯಾಂಕ್, ಎಂದರೆ ದುಂಡಗೆ ಕತ್ತರಿಸಿದ ತಗಡಿನ ಬಿಲ್ಲೆ, ಬೇಕು. ಎಂದರೆ 544 ಮಿ.ಮೀ. ಸುತ್ತಳತೆಯ ಹೊರ ಅಂಚು ಒಳಗೆ ಸರಿಯುತ್ತ ಸರಿಯುತ್ತ 314 ಮಿ.ಮೀ.ಗೆ ಕುಗ್ಗಬೇಕು. ಅಷ್ಟು ಲೋಹ, ಅಂಚನ್ನು ಒತ್ತಿ ಹಿಡಿಯುವ ಬ್ಲ್ಯಾಂಕ್ ಹೋಲ್ಡರಿನ ಕೆಳಗಿನಿಂದ ಜಾರಿ, ಡೈಯ ಬಾಯಿಯ ತಿರುವನ್ನು ದಾಟಿ ಗೋಡೆಯಾಗಿ ಇಳಿಯಬೇಕು. ಇದನ್ನೆಲ್ಲ ಎಳೆಯುವ ಬಲ, ತಗಡನ್ನು ಡೈಯೊಳಕ್ಕೆ ತಳ್ಳುವ ಪಂಚಿನಿಂದ ಬಟ್ಟಲಿನ ತಳಕ್ಕೆ, ತಳದಿಂದ ಗೋಡೆಗೆ ಸಾಗುತ್ತದೆ. ಅಂಚಿನಲ್ಲಿಯೂ ಡೈಯ ತಿರುವಿನಲ್ಲಿಯೂ ಘರ್ಷಣೆ ಹೆಚ್ಚಿದಷ್ಟೂ ಗೋಡೆಯ ಮೇಲಿನ ಎಳೆತ ಹೆಚ್ಚಿ, ಪಂಚಿನ ಮೂಲೆಯ ಪಕ್ಕದಲ್ಲಿ ತಗಡು ತೆಳುವಾಗಿ ಕೊನೆಗೆ ಹರಿದುಹೋಗುತ್ತದೆ.

ಪಂಚಿನ ಮೂಲೆಯಲ್ಲಿರುವ ಘರ್ಷಣೆ ಮಾತ್ರ ನಮ್ಮ ಪರವಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅದು ತಗಡನ್ನು ಹಿಡಿದುಕೊಂಡು ಅಲ್ಲಿ ತೆಳುವಾಗದಂತೆ ಕಾಯುತ್ತದೆ. ಆದುದರಿಂದ ಚಪ್ಪಟೆ ತಳದ ಬಟ್ಟಲಿಗೆ ಬ್ಲ್ಯಾಂಕಿನ ಡೈ ಬದಿಗೆ ಪೂರ್ತಿಯಾಗಿ ಹಚ್ಚಬೇಕು. ಮೇಲಿನ ಬದಿಗೆ ಬ್ಲ್ಯಾಂಕ್ ಹೋಲ್ಡರ್ ಕೂರುವ ಹೊರಬಳೆಗಷ್ಟೇ ಹಚ್ಚಬೇಕು. ಪಂಚ್ ಮುಟ್ಟುವ ನಡುಭಾಗವನ್ನು ಒಣದಾಗಿ ಬಿಡಬೇಕು. ಬ್ಲ್ಯಾಂಕನ್ನು ಎಣ್ಣೆಯ ಬಕೆಟ್ಟಿನಲ್ಲಿ ಅದ್ದಿ ತೆಗೆಯುವ ರೂಢಿ ಬಹಳ ಕಡೆ ಇದೆ. ಅದು ಎಣ್ಣೆಯ ದುಂದು ಎಂಬುದಕ್ಕಿಂತ, ಬೇಕಾದ ಹಿಡಿತವನ್ನೇ ಕಳೆಯುತ್ತದೆ ಎಂಬುದು ನನ್ನ ಆಕ್ಷೇಪ. ಅರ್ಧಗೋಲದ ತಳವಿರುವ ಪಾತ್ರೆಗೆ ಈ ನಿಯಮ ತಿರುಗಿಬೀಳುತ್ತದೆ. ಅಲ್ಲಿ ಪಂಚಿನ ತಲೆಯ ಮೇಲೆ ತಗಡು ಹಿಗ್ಗಬೇಕಾಗುವುದರಿಂದ, ಹಿಗ್ಗು ಒಂದೇ ಕಡೆ ಸೇರದೆ ಹರಡಲೆಂದು ಪಂಚಿಗೂ ಲೇಪನ ಬೇಕು.

ಪ್ರೆಸ್ಸಿನ ಒತ್ತಡದಲ್ಲಿ ದ್ರವವಾದ ಎಣ್ಣೆ ಬಹುಪಾಲು ಪಕ್ಕಕ್ಕೆ ಹಿಂಡಿಹೋಗುತ್ತದೆ. ಕೊನೆಗೆ ಉಳಿದು ಕೆಲಸ ಮಾಡುವುದು ಲೋಹಕ್ಕೆ ಅಂಟಿಕೊಂಡ ಅಣುಗಳ ಪದರ. ಕೊಬ್ಬಿನಾಮ್ಲಗಳು ಲೋಹದ ಮೇಲ್ಮೈಯೊಂದಿಗೆ ಸೇರಿ ಲೋಹದ ಸಾಬೂನಾಗಿ ನಿಲ್ಲುತ್ತವೆ. ಅಣುವಿನ ಸರಪಳಿ ಉದ್ದವಾದಷ್ಟೂ ಘರ್ಷಣೆ ತಗ್ಗುತ್ತದೆಂದು ಬ್ರಿಟಿಷ್ ವಿಜ್ಞಾನಿ ವಿಲಿಯಂ ಹಾರ್ಡಿ ಮತ್ತು ಅವರ ಸಹೋದ್ಯೋಗಿ 1922ರಲ್ಲೇ ತೋರಿಸಿದ್ದರು. ಸಾಧಾರಣ ಖನಿಜ ತೈಲದಲ್ಲಿ ಘರ್ಷಣಾಂಕ 0.10ರಿಂದ 0.15ರ ಆಸುಪಾಸಿನಲ್ಲಿರುತ್ತದೆ. ಒಳ್ಳೆಯ ಘನಪದರ ಅದನ್ನು 0.05ರ ಹತ್ತಿರಕ್ಕೆ ಇಳಿಸಬಲ್ಲದು. ಎಣ್ಣೆ ದಪ್ಪವಾದಷ್ಟೂ ಒಳ್ಳೆಯದೆಂಬ ನಂಬಿಕೆಯನ್ನು ಇಲ್ಲಿ ಬಿಡಬೇಕು. ಹೊರಗೆ ಹೋಗಲು ದಾರಿಯಿಲ್ಲದೆ ಸಿಕ್ಕಿಕೊಂಡ ದಪ್ಪ ಎಣ್ಣೆ ತಗಡಿನ ಮುಖವನ್ನು ಒರಟಾಗಿಸುತ್ತದೆ. ಆಮೇಲೆ ಬಫಿಂಗ್ ಮಾಡುವವರಿಗೆ ಅದು ಎರಡರಷ್ಟು ಕೆಲಸ.

ಲೋಹ ನೋಡಿ ಲೇಪನ

ಸಿ.ಆರ್., ಎಂದರೆ ಕಾಯಿಸದೆ ಉರುಳೆಗಳ ನಡುವೆ ತೆಳುವಾಗಿಸಿದ, ಉಕ್ಕಿನ ತಗಡಿನಲ್ಲಿ ಬ್ಲ್ಯಾಂಕಿನ ವ್ಯಾಸ ಪಂಚಿನ ವ್ಯಾಸದ ಒಂದೂವರೆ ಪಟ್ಟಿನೊಳಗೆ ಇದ್ದರೆ ಕೊಬ್ಬಿನಂಶ ಸೇರಿದ ಡ್ರಾಯಿಂಗ್ ಆಯಿಲ್ ಸಾಕು. ಅದು ಎರಡು ಪಟ್ಟನ್ನು ಸಮೀಪಿಸುತ್ತಿದ್ದರೆ, ಅಥವಾ ಗೋಡೆಯನ್ನು ಮತ್ತೆ ಎಳೆದು ತೆಳುವಾಗಿಸಬೇಕಿದ್ದರೆ, ಸತು ಫಾಸ್ಫೇಟ್ ಮತ್ತು ಸಾಬೂನಿನ ಜೋಡಿ ಲೇಪನಕ್ಕೆ ಹೋಗಬೇಕು. ಅದರ ವಿಧಾನವನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ಜಿ.ಐ. ಶೀಟಿನ ಸತುವು ಮೆತ್ತಗಿರುವುದರಿಂದ ಡೈಯ ತಿರುವಿನಲ್ಲಿ ಕೆರೆದು ಬಂದು ಪುಡಿಯಾಗಿ ಕೂರುತ್ತದೆ. ಇದಕ್ಕೆ ಹಗುರವಾದ, ತೀವ್ರ ಸೇರ್ಪಡೆಗಳಿಲ್ಲದ ಎಣ್ಣೆಯನ್ನು ತೆಳುವಾಗಿ, ಚದರ ಮೀಟರಿಗೆ 1ರಿಂದ 2 ಗ್ರಾಂನಷ್ಟು, ಹಚ್ಚಿ ಡೈಯನ್ನು ಆಗಾಗ ಒರೆಸುತ್ತಿರಬೇಕು. ನೀರು ಬೆರೆಸುವ ಎಮಲ್ಷನ್ ಬಳಸಿದರೆ ಒತ್ತಿದ ಭಾಗಗಳನ್ನು ಒಂದರ ಮೇಲೊಂದು ಪೇರಿಸಿಡಬಾರದು. ಮಳೆಗಾಲದಲ್ಲಿ ಒಂದೇ ರಾತ್ರಿಯಲ್ಲಿ ಅವುಗಳ ನಡುವೆ ಬಿಳಿ ತುಕ್ಕು ಹೂ ಬಿಟ್ಟಂತೆ ಏಳುತ್ತದೆ.

ಸ್ಟೀಲ್ ಪಾತ್ರೆಯ ತಗಡು, ಎಂದರೆ ಎಸ್.ಎಸ್., ಇವೆಲ್ಲಕ್ಕಿಂತ ಹಟಮಾರಿ. ಅದರ ಮೇಲ್ಮೈಯಲ್ಲಿರುವ ಕ್ರೋಮಿಯಂ ಆಕ್ಸೈಡಿನ ಪದರ ಕೊಬ್ಬಿನಾಮ್ಲಗಳೊಂದಿಗೆ ಸುಲಭವಾಗಿ ಸೇರುವುದಿಲ್ಲ. ಫಾಸ್ಫೇಟ್ ಅದರ ಮೇಲೆ ಹಿಡಿಯುವುದೇ ಇಲ್ಲ. ಅಂಥ ರಾಸಾಯನಿಕ ಲೇಪನವೇ ಬೇಕೆಂದರೆ ಆಕ್ಸಲೇಟ್ ಬಳಸುತ್ತಾರೆ. ಸಣ್ಣ ವರ್ಕ್‌ಶಾಪಿಗೆ ನಾನು ಧೈರ್ಯವಾಗಿ ಹೇಳುವುದು ಪಾಲಿಥೀನ್ ಫಿಲ್ಮನ್ನು. ಡೈ ಬದಿಗೆ 50ರಿಂದ 100 ಮೈಕ್ರಾನಿನ ಫಿಲ್ಮ್ ಅಂಟಿಸಿ, ಅದರ ಮೇಲೆ ತೆಳುವಾಗಿ ಎಣ್ಣೆ ಸವರಿ ಒತ್ತಿದರೆ ಗೀರು ಬೀಳುವುದಿಲ್ಲ, ತೊಳೆಯುವ ಕೆಲಸವೂ ಕಡಿಮೆ. ಕ್ಲೋರಿನ್ ಸೇರಿದ ಪ್ಯಾರಾಫಿನ್ ಎಣ್ಣೆ ಎಸ್.ಎಸ್. ಮೇಲೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆಂಬುದು ನಿಜ. ಆದರೆ ಅದರ ಅಂಶ ಭಾಗದ ಮೇಲೆ ಉಳಿದು ವೆಲ್ಡಿಂಗಿನ ಬಿಸಿ ತಾಗಿದರೆ ಬಿಡುಗಡೆಯಾಗುವ ಕ್ಲೋರೈಡ್ ಸ್ಟೀಲಿನಲ್ಲಿ ಸೂಜಿಮೊನೆಯಂಥ ಕುಳಿಗಳನ್ನು ಕೊರೆಯುತ್ತದೆ. ಸಮುದ್ರದ ಗಾಳಿಯಿಂದಲೇ ಕ್ಲೋರೈಡ್ ಬಂದು ಕೂರುವ ಊರಿನಲ್ಲಿ ಅದಕ್ಕೆ ನಮ್ಮ ಕೈಯಿಂದ ಇನ್ನಷ್ಟು ಸೇರಿಸುವುದು ತರವಲ್ಲ. ಮೀನಿನ ಪೆಟ್ಟಿಗೆ, ಅಡುಗೆ ಪಾತ್ರೆಗಳಿಗಂತೂ ಅದು ಬೇಡವೇ ಬೇಡ.

ಅಲ್ಯೂಮಿನಿಯಂಗೆ ಕೊಬ್ಬಿನಂಶವಿರುವ ಎಣ್ಣೆ ಅಥವಾ ಮೇಣದ ಲೇಪನ ಒಳ್ಳೆಯದು; ಕ್ಷಾರ ಹೆಚ್ಚಿರುವ ಸಾಬೂನು ಅದನ್ನು ಕಲೆಗಟ್ಟಿಸುತ್ತದೆ. ತಾಮ್ರ, ಹಿತ್ತಾಳೆಗಳಿಗೆ ಸಕ್ರಿಯ ಗಂಧಕವಿರುವ ಎಣ್ಣೆ ತಾಗಿದರೆ ಕಪ್ಪಾಗುತ್ತವೆ. ನಮ್ಮ ಕಡೆ ಕೈಗೆ ಸುಲಭವಾಗಿ ಸಿಗುವ ತೆಂಗಿನೆಣ್ಣೆ ತಾಮ್ರದ ಹಗುರ ಕೆಲಸಕ್ಕೆ ಯೋಗ್ಯವೇ ಸರಿ. ಅದರಲ್ಲಿ ಅರ್ಧದಷ್ಟು ಲಾರಿಕ್ ಆಮ್ಲದ ಅಂಶವಿದೆ. ಸ್ಟಿಯರಿಕ್ ಆಮ್ಲಕ್ಕಿಂತ ಅದರ ಸರಪಳಿ ಗಿಡ್ಡವಾದ್ದರಿಂದ ಆಳವಾದ ಎಳೆತಕ್ಕೆ ಅದು ಸಾಲದು. ಅದನ್ನು ಹಚ್ಚಿದ ಭಾಗವನ್ನು ವಾರಗಟ್ಟಲೆ ಇಟ್ಟರೆ ಎಣ್ಣೆ ಕನರಿ, ಅಂಟಾಗಿ, ತಾಮ್ರದ ಮೇಲೆ ಹಸಿರು ಕಲೆ ಮೂಡುತ್ತದೆ.

ತೇವ ಮಾಡುವ ಕೆಲಸ

ಘನಲೇಪನಗಳಲ್ಲಿ ಗ್ರಾಫೈಟ್ ಮತ್ತು ಮಾಲಿಬ್ಡಿನಮ್ ಡೈಸಲ್ಫೈಡ್ ಎರಡೂ ಕಪ್ಪು, ಎರಡೂ ಪದರಪದರವಾಗಿ ಜಾರುವಂಥವು. ಇದನ್ನು ನೋಡಿ ಒಂದರ ಬದಲು ಇನ್ನೊಂದನ್ನು ಬಳಸುವವರಿದ್ದಾರೆ. ಅವುಗಳ ಸ್ವಭಾವ ತೇವದ ವಿಷಯದಲ್ಲಿ ಒಂದಕ್ಕೊಂದು ವಿರುದ್ಧ. ಗ್ರಾಫೈಟಿನ ಪದರಗಳು ಸಲೀಸಾಗಿ ಸರಿಯಲು ಗಾಳಿಯ ತೇವವೇ ಬೇಕು. ಪೂರ್ತಿ ಒಣಗಿದ ವಾತಾವರಣದಲ್ಲಿ ಅದು ಒರಟಾಗಿ ಬೇಗ ಸವೆಯುತ್ತದೆ. ಮಾಲಿಬ್ಡಿನಮ್ ಡೈಸಲ್ಫೈಡ್ ಒಣ ಹವೆಯಲ್ಲಿ ಅತ್ಯುತ್ತಮ. ತೇವ ಹೆಚ್ಚಿದಂತೆ ಅದರ ಘರ್ಷಣೆ ಏರುತ್ತದೆ ಮತ್ತು ಅದು ನಿಧಾನವಾಗಿ ಆಕ್ಸೈಡಾಗಿ ಕೆಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದ ಗಾಳಿಯಲ್ಲಿ ಇರುವ ತೇವವನ್ನು ನೆನೆದರೆ, ಬೇಸಿಗೆಯಲ್ಲಿ ಸರಿಹೋದ ಮಾಲಿಬ್ಡಿನಮ್ ಲೇಪನ ಶ್ರಾವಣದಲ್ಲಿ ಏಕೆ ಕೈಕೊಡುತ್ತದೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಹಾಗೆಂದು ಗ್ರಾಫೈಟನ್ನು ಎಲ್ಲೆಂದರಲ್ಲಿ ಬಳಸುವಂತಿಲ್ಲ. ಅದು ವಿದ್ಯುದ್ವಾಹಕವಾದ್ದರಿಂದ ಉಪ್ಪಿನ ತೇವ ಸೇರಿದಾಗ ಅಲ್ಯೂಮಿನಿಯಂ ಮತ್ತು ಉಕ್ಕಿನೊಂದಿಗೆ ಬ್ಯಾಟರಿಯ ಜೋಡಿಯಾಗಿ ಲೋಹವನ್ನು ತಿನ್ನುತ್ತದೆ. ಬಳಸಿದರೆ ಅದೇ ದಿನ ತೊಳೆಯಬೇಕು.

ಒಣಸಾಬೂನಿನ ಲೇಪನವೂ ತೇವ ಹೀರುತ್ತದೆ. ಸೋಡಿಯಂ ಸ್ಟಿಯರೇಟ್ ಹಚ್ಚಿದ ಬ್ಲ್ಯಾಂಕುಗಳನ್ನು ಮಳೆಗಾಲದಲ್ಲಿ ತೆರೆದ ಶೆಡ್ಡಿನಲ್ಲಿಟ್ಟರೆ ಮೊದಲು ಜಿಗುಟಾಗುತ್ತವೆ, ಆಮೇಲೆ ಅಂಚಿನಿಂದ ತುಕ್ಕು ಶುರುವಾಗುತ್ತದೆ. ಆ ದಿನ ಒತ್ತುವಷ್ಟನ್ನೇ ಆ ದಿನ ಹಚ್ಚುವುದು ಉತ್ತಮ. ಉಳಿದರೆ ಬಲ್ಬು ಉರಿಯುವ ಮುಚ್ಚಿದ ಪೆಟ್ಟಿಗೆಯಲ್ಲಿಡಬೇಕು. ಶಿರಸಿಯಲ್ಲಿ ಉಪ್ಪಿನ ಕಾಟವಿಲ್ಲ, ತೇವದ ಕಾಟ ಮಾತ್ರ ಕರಾವಳಿಯಷ್ಟೇ ಇದೆ.

ಫಾಸ್ಫೇಟ್ ಮತ್ತು ಸಾಬೂನು: ತೊಟ್ಟಿಯಿಂದ ತೊಟ್ಟಿಗೆ

ಉಕ್ಕಿನ ಮೇಲೆ ಸತು ಫಾಸ್ಫೇಟ್ ಬೆಳೆಸಿ ಅದನ್ನು ಶೀತಲ ರೂಪಣಕ್ಕೆ, ಎಂದರೆ ಲೋಹವನ್ನು ಕಾಯಿಸದೆ ಆಕಾರಕ್ಕೆ ತರಲು, ಬಳಸುವ ಉಪಾಯ 1930ರ ದಶಕದಲ್ಲಿ ಜರ್ಮನಿಯಲ್ಲಿ ಬಂದದ್ದು. ಇಂದಿಗೂ ಅದಕ್ಕಿಂತ ಗಟ್ಟಿಯಾಗಿ ಉಕ್ಕನ್ನು ಹಿಡಿದು ನಿಲ್ಲುವ ಜಾರುಲೇಪನ ಸಣ್ಣ ಘಟಕದ ಕೈಗೆಟಕುವಂತಿಲ್ಲ. ಫಾಸ್ಫೇಟಿನ ಹರಳುಗಳು ಉಕ್ಕಿನ ಮೇಲೆಯೇ ಬೆಳೆಯುತ್ತವೆ, ಬಿಸಿ ಸಾಬೂನಿನ ತೊಟ್ಟಿಯಲ್ಲಿ ಸೋಡಿಯಂ ಸ್ಟಿಯರೇಟ್ ಆ ಸತುವಿನೊಂದಿಗೆ ಸೇರಿ ಸತು ಸ್ಟಿಯರೇಟ್ ಆಗುತ್ತದೆ, ಅದರ ಮೇಲೆ ಮತ್ತೆ ಸಾದಾ ಸಾಬೂನಿನ ಪದರ ಕೂರುತ್ತದೆ. ಬೇರು ಬಿಟ್ಟಿರುವ ಈ ಪದರವನ್ನು ಪ್ರೆಸ್ಸಿನ ಒತ್ತಡ ಹಿಂಡಿ ಹೊರಹಾಕಲಾರದು.

ಮೊದಲು ಎಣ್ಣೆಯ ಜಿಡ್ಡು ತೆಗೆಯಬೇಕು. 60ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿಯ ಕ್ಷಾರದ ದ್ರಾವಣದಲ್ಲಿ ಹತ್ತು ನಿಮಿಷ ಇಟ್ಟು, ತೆಗೆದು, ಹರಿಯುವ ನೀರಿನಲ್ಲಿ ತೊಳೆದು, ತಗಡನ್ನು ನೆಟ್ಟಗೆ ಹಿಡಿದು ಬೆಳಕಿಗೆ ನೋಡಬೇಕು. ನೀರು ಒಂದೇ ಹಾಳೆಯಂತೆ ತಗಡಿನ ಮೈತುಂಬ ನಿಂತರೆ ಜಿಡ್ಡು ಹೋಗಿದೆ. ಎಲ್ಲಿಯಾದರೂ ನೀರು ಹರಿದು ಹನಿಗಳಾಗಿ ಒಡೆದುಕೊಂಡರೆ ಅಲ್ಲಿ ಜಿಡ್ಡಿದೆ, ಮುಂದೆ ಅದೇ ಜಾಗದಲ್ಲಿ ಫಾಸ್ಫೇಟ್ ಹಿಡಿಯುವುದಿಲ್ಲ. ಬೆರಳಿನ ಗುರುತು ಕೂಡ ಈ ಪರೀಕ್ಷೆಯಲ್ಲಿ ಕಾಣುತ್ತದೆ. ಇದನ್ನು ಬಿಟ್ಟು ಮುಂದಿನ ತೊಟ್ಟಿಗೆ ಹೋಗಲು ಯಾರಿಗೂ ಅವಕಾಶ ಕೊಡಬಾರದು.

ತುಕ್ಕಿದ್ದರೆ ಆಮ್ಲದ ತೊಟ್ಟಿ ಬೇಕಾಗುತ್ತದೆ. ಅಂಗಡಿಯ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸಮಪಾಲು ನೀರಿನಂತೆ ಲೆಕ್ಕ ಹಾಕಿ, ನೀರನ್ನು ಮೊದಲು ತೊಟ್ಟಿಗೆ ಹಾಕಿ, ಆಮೇಲೆ ಆಮ್ಲವನ್ನು ನಿಧಾನವಾಗಿ ಅದಕ್ಕೆ ಸುರಿಯಬೇಕು. ಆಮ್ಲಕ್ಕೆ ನೀರನ್ನು ಎಂದೂ ಸುರಿಯಬಾರದು. ಕೈಗವಸು, ಕಣ್ಣಿನ ಕವಚ, ಗಾಳಿಯಾಡುವ ಜಾಗ ಇವಿಲ್ಲದಿದ್ದರೆ ಈ ವಿಧಾನವನ್ನೇ ಕೈಗೆತ್ತಿಕೊಳ್ಳಬಾರದು. ಸಮುದ್ರದ ಬದಿಯಲ್ಲಿ ಹಿಡಿದ ತುಕ್ಕಿನೊಳಗೆ ಉಪ್ಪು ಅಡಗಿರುವುದರಿಂದ, ಮತ್ತು ಆಮ್ಲವೂ ಕ್ಲೋರೈಡನ್ನೇ ಬಿಟ್ಟುಹೋಗುವುದರಿಂದ, ಇಲ್ಲಿ ತೊಳೆಯುವುದನ್ನು ಒಂದು ಸಲಕ್ಕೆ ನಿಲ್ಲಿಸದೆ ಎರಡು ಬೇರೆ ಬೇರೆ ತೊಟ್ಟಿಗಳಲ್ಲಿ ಮಾಡಬೇಕು.

ಆಮೇಲೆ ಟೈಟಾನಿಯಂ ಲವಣದ ಕಂಡೀಷನರಿನಲ್ಲಿ ಒಂದು ನಿಮಿಷ. ಹಣ ಉಳಿಸಲು ಹಲವರು ಇದನ್ನು ಬಿಡುತ್ತಾರೆ. ಬಿಟ್ಟರೆ ಹರಳುಗಳು ದೊಡ್ಡದಾಗಿ, ವಿರಳವಾಗಿ ಬೆಳೆದು ಪದರದ ನಡುವೆ ಬರಿಯ ಉಕ್ಕು ಇಣುಕುತ್ತದೆ. ನಂತರ 60ರಿಂದ 70 ಡಿಗ್ರಿಯ ಸತು ಫಾಸ್ಫೇಟ್ ತೊಟ್ಟಿಯಲ್ಲಿ ಐದರಿಂದ ಹತ್ತು ನಿಮಿಷ. ರಾಸಾಯನಿಕ ಒದಗಿಸುವವರು ಸೂಚಿಸಿದ ಆಮ್ಲದ ಪ್ರಮಾಣವನ್ನು ದಿನವೂ ಪರೀಕ್ಷಿಸಿ ಬರೆದಿಡಬೇಕು. ಸರಿಯಾಗಿ ಬಂದ ಪದರ ಮಂಕು ಬೂದು ಬಣ್ಣದ್ದು, ಎಲ್ಲ ಕಡೆ ಒಂದೇ ಸಮನಾದದ್ದು. ಉಗುರಿನಿಂದ ಗೀರಿದರೆ ಬಿಳಿ ಗೆರೆ ಮೂಡುತ್ತದೆ, ಆದರೆ ಪದರ ಏಳುವುದಿಲ್ಲ. ಒರೆಸಿದಾಗ ಬೆರಳಿಗೆ ಪುಡಿ ಹತ್ತಿದರೆ ತೊಟ್ಟಿಯ ಕೆಸರು ತಗಡಿನ ಮೇಲೆ ಕೂತಿದೆ ಎಂದು ತಿಳಿಯಬೇಕು.

ಪದರದ ತೂಕ ತಿಳಿಯಲು ಪ್ರಯೋಗಾಲಯ ಬೇಡ. 200 ಮಿ.ಮೀ. ಉದ್ದ, 100 ಮಿ.ಮೀ. ಅಗಲದ ತುಂಡೊಂದನ್ನು ಜಿಡ್ಡು, ತುಕ್ಕು ತೆಗೆದು ಒಣಗಿಸಿ ತೂಗಿ, ಫಾಸ್ಫೇಟ್ ಆದ ಮೇಲೆ ಮತ್ತೆ ತೊಳೆದು ಒಣಗಿಸಿ ತೂಗಬೇಕು. ಎರಡೂ ಬದಿ ಸೇರಿ ಆ ತುಂಡಿನ ವಿಸ್ತಾರ 0.04 ಚದರ ಮೀಟರ್. ತೂಕ 0.28 ಗ್ರಾಂ ಹೆಚ್ಚಿದ್ದರೆ ಚದರ ಮೀಟರಿಗೆ 7 ಗ್ರಾಂ ಎಂದಾಯಿತು. ಆಳವಾದ ಎಳೆತಕ್ಕೆ ನಾನು ಇಟ್ಟುಕೊಳ್ಳುವ ಗುರಿ 5ರಿಂದ 10 ಗ್ರಾಂ. ಫಾಸ್ಫೇಟ್ ಹಿಡಿಯುವಾಗ ಸ್ವಲ್ಪ ಕಬ್ಬಿಣವೂ ಕರಗಿಹೋಗುವುದರಿಂದ ನಿಜವಾದ ಪದರ ಈ ಲೆಕ್ಕಕ್ಕಿಂತ ತುಸು ಹೆಚ್ಚೇ ಇರುತ್ತದೆ. ತರಕಾರಿ ತೂಗುವ ತಕ್ಕಡಿ ಇದಕ್ಕೆ ಆಗದು. ಚಿನಿವಾರರ ಅಂಗಡಿಯಲ್ಲಿರುವಂಥ, ಗ್ರಾಂನ ನೂರನೇ ಒಂದು ಪಾಲನ್ನು ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಬೇಕು.

ಕೊನೆಯದು ಸಾಬೂನಿನ ತೊಟ್ಟಿ: 70ರಿಂದ 80 ಡಿಗ್ರಿ, ಮೂರರಿಂದ ಐದು ನಿಮಿಷ. ಇಲ್ಲಿ ನೀರಿನ ಗುಣ ಮುಖ್ಯ. ಗಡಸು ನೀರಿನ ಕ್ಯಾಲ್ಸಿಯಂ ಸಾಬೂನನ್ನು ಒಡೆದು ಮೊಸರಿನ ಗಡ್ಡೆಗಳಂತೆ ತೇಲಿಸುತ್ತದೆ. ಬೇಸಿಗೆಯ ಕೊನೆಗೆ ಉಪ್ಪಾಗುವ ಕಡಲಬದಿಯ ಬಾವಿಯ ನೀರು ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಲೇಪನದೊಳಗೇ ಉಪ್ಪು ಸೇರುತ್ತದೆ. ಮೊದಲ ಮಳೆಗಳಲ್ಲಿ ಮಾಡು ತೊಳೆದುಹೋದ ಮೇಲೆ ಹಿಡಿದಿಟ್ಟ ಮಳೆನೀರು ಈ ತೊಟ್ಟಿಗೆ ಬಹಳ ಒಳ್ಳೆಯದು. ಇಷ್ಟು ಮಳೆ ಬೀಳುವ ಜಿಲ್ಲೆಯಲ್ಲಿ ಸಾಬೂನಿನ ತೊಟ್ಟಿಗೆ ಬಾವಿಯ ನೀರನ್ನೇ ನೆಚ್ಚಿಕೊಳ್ಳುವುದು ನನಗೆ ಅರ್ಥವಾಗದ ಸಂಗತಿ. ತೊಟ್ಟಿಯಿಂದ ತೆಗೆದ ಬ್ಲ್ಯಾಂಕನ್ನು ತೊಳೆಯದೆ, ಬಿಸಿಗಾಳಿಯಲ್ಲಿ ಮುಟ್ಟಿದರೆ ಮೇಣದಂತೆ ಜಾರುವವರೆಗೆ ಒಣಗಿಸಬೇಕು. ಈ ಲೇಪನ ಬ್ಲ್ಯಾಂಕಿನ ಎರಡೂ ಬದಿಗೆ ಕೂರುವುದರಿಂದ ಪಂಚಿನ ಹಿಡಿತ ತುಸು ಕಡಿಮೆಯಾಗುವುದು ನಿಜ. ಅಂಚಿನ ಘರ್ಷಣೆ ಅದಕ್ಕಿಂತ ಬಹಳ ಹೆಚ್ಚು ತಗ್ಗುವುದರಿಂದ ಒಟ್ಟಿನಲ್ಲಿ ಲಾಭವೇ.

ಡೈಯ ಮೇಲಿನ ಲೇಪನ

ತಗಡಿಗೆ ಎಷ್ಟೇ ಒಳ್ಳೆಯ ಲೇಪನ ಹಾಕಿದರೂ ಡೈಯ ತಿರುವು ಒರಟಾಗಿದ್ದರೆ ಅದು ಉಳಿಯುವುದಿಲ್ಲ. ತಿರುವಿನ ಮೇಲೆ ಉಗುರನ್ನು ನಿಧಾನವಾಗಿ ಎಳೆದಾಗ ಎಲ್ಲಿಯಾದರೂ ತಡೆದರೆ ಅಲ್ಲಿ ತಗಡಿನ ಲೋಹ ಬೆಸೆದುಕೊಂಡಿದೆ. ಅದನ್ನು ಎಣ್ಣೆಕಲ್ಲಿನಿಂದ ತೆಗೆದು, ಲೋಹ ಹರಿಯುವ ದಿಕ್ಕಿನಲ್ಲಿಯೇ ಪಾಲಿಶ್ ಮಾಡಬೇಕು. ಅಡ್ಡಡ್ಡ ಉಜ್ಜಿದ ಗೆರೆಗಳು ಹೊಳೆಯುತ್ತಿದ್ದರೂ ಕೆರೆಯುತ್ತವೆ.

ಎಸ್.ಎಸ್. ಕೆಲಸಕ್ಕೆ ಅಲ್ಯೂಮಿನಿಯಂ ಕಂಚಿನ ಡೈ ಉಂಗುರ ಹಾಕಿದರೆ ಸ್ಟೀಲು ಅದಕ್ಕೆ ಬೆಸೆದುಕೊಳ್ಳುವುದಿಲ್ಲ. ಸವೆತ ಹೆಚ್ಚು, ಆದರೆ ಸಣ್ಣ ಆರ್ಡರುಗಳಿಗೆ ಇದು ಅಗ್ಗದ, ನಂಬಬಹುದಾದ ದಾರಿ. ದೊಡ್ಡ ಆರ್ಡರಿದ್ದರೆ ಡೈಗೆ ಟೈಟಾನಿಯಂ ಕಾರ್ಬೋನೈಟ್ರೈಡ್ ಅಥವಾ ಕ್ರೋಮಿಯಂ ನೈಟ್ರೈಡ್ ಲೇಪನವನ್ನು ಪುಣೆ, ಬೆಂಗಳೂರುಗಳಲ್ಲಿ ಮಾಡಿಸಬಹುದು. ಅಲ್ಯೂಮಿನಿಯಂ ಅಂಟುವ ತೊಂದರೆಗೆ ವಜ್ರದಂಥ ಇಂಗಾಲದ ಪದರ, ಎಂದರೆ ಡಿ.ಎಲ್.ಸಿ., ಹೆಚ್ಚು ಸೂಕ್ತ. ಲೇಪನಕ್ಕೆ ಕಳಿಸುವ ಮೊದಲು ಡೈಯ ಉಕ್ಕನ್ನು ಎಷ್ಟು ಬಿಸಿಯಲ್ಲಿ ಟೆಂಪರ್ ಮಾಡಲಾಗಿದೆ (ಗಡಸು ಮಾಡಿದ ಮೇಲೆ ಮತ್ತೆ ಕಾಯಿಸಿ ಹದಗೊಳಿಸಲಾಗಿದೆ) ಎಂದು ವಿಚಾರಿಸಲೇಬೇಕು. ಡೈಗಳಿಗೆ ಬಳಸುವ ಡಿ2 ಉಕ್ಕನ್ನು 200 ಡಿಗ್ರಿಯಲ್ಲಿ ಟೆಂಪರ್ ಮಾಡಿದ್ದು, ಲೇಪನದ ಕುಲುಮೆ 400 ಡಿಗ್ರಿ ದಾಟಿದರೆ ಡೈ ಮೆತ್ತಗಾಗುತ್ತದೆ, ಅಳತೆಯೂ ಕೆಡುತ್ತದೆ. ಮೆತ್ತಗಾದ ಉಕ್ಕಿನ ಮೇಲಿನ ಗಡಸು ಪದರ ಒತ್ತಡ ಬಿದ್ದ ಕೂಡಲೇ ಚಕ್ಕೆ ಏಳುತ್ತದೆ.

ಒತ್ತಿ ನೋಡುವುದು

ಹೊಸ ಲೇಪನವನ್ನು ಆರ್ಡರಿನ ಮಾಲಿನ ಮೇಲೆ ಪರೀಕ್ಷಿಸಬಾರದು. ಅದೇ ತಗಡಿನಿಂದ, ವ್ಯಾಸವನ್ನು 2 ಮಿ.ಮೀ.ನಂತೆ ಹೆಚ್ಚಿಸುತ್ತ ಹೋಗುವ ಬ್ಲ್ಯಾಂಕುಗಳನ್ನು ಕತ್ತರಿಸಿ, ಹೋಲ್ಡರಿನ ಒತ್ತಡ ಮತ್ತು ಪ್ರೆಸ್ಸಿನ ವೇಗವನ್ನು ಬದಲಿಸದೆ ಒಂದೊಂದಾಗಿ ಒತ್ತಬೇಕು. ಹರಿಯದೆ ಬಂದ ಅತಿ ದೊಡ್ಡ ಬ್ಲ್ಯಾಂಕಿನ ವ್ಯಾಸವೇ ಆ ಲೇಪನದ ಅಂಕ. ಹಳೆಯದಕ್ಕಿಂತ ಅದು ಹೆಚ್ಚು ಬಂದರೆ ಮಾತ್ರ ಹೊಸದಕ್ಕೆ ದುಡ್ಡು ಹಾಕಬೇಕು. ಘರ್ಷಣೆ ಕಡಿಮೆಯಾದಾಗ ಅಂಚಿನಲ್ಲಿ ಸುಕ್ಕು ಏಳುವುದುಂಟು. ಅದು ಲೇಪನದ ದೋಷವಲ್ಲ, ಹೋಲ್ಡರಿನ ಒತ್ತಡವನ್ನು ಸ್ವಲ್ಪ ಏರಿಸಿದರೆ ಸರಿಹೋಗುತ್ತದೆ. ಇದೇ ಪರೀಕ್ಷೆಯನ್ನು ಮೇ ತಿಂಗಳಲ್ಲೊಮ್ಮೆ, ಜುಲೈಯಲ್ಲೊಮ್ಮೆ ಮಾಡಿದರೆ ತೇವದ ಪ್ರಭಾವ ಅಂಕಿಯಲ್ಲಿಯೇ ಕಾಣುತ್ತದೆ.

ತೆಗೆಯುವುದು

ಒತ್ತಿದ ದಿನವೇ ತೊಳೆಯುವುದು ಇಲ್ಲಿ ಕಡ್ಡಾಯವಾಗಬೇಕು. ಎಣ್ಣೆಗೆ ಬಿಸಿ ಕ್ಷಾರದ ನೀರು ಸಾಕು. ಸಾದಾ ಸಾಬೂನಿನ ಪದರ ಬಿಸಿನೀರಿಗೆ ಬಿಡುತ್ತದೆ; ಕೆಳಗಿನ ಸತು ಸ್ಟಿಯರೇಟ್ ನೀರಿನಲ್ಲಿ ಕರಗದಾದ್ದರಿಂದ ಅದಕ್ಕೆ 80 ಡಿಗ್ರಿ ಬಿಸಿಯ ತೀಕ್ಷ್ಣ ಕ್ಷಾರ ಬೇಕು. ಬಣ್ಣ ಹೊಡೆಯುವ ಭಾಗದಲ್ಲಿ ಸಾಬೂನು ಉಳಿದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ವೆಲ್ಡಿಂಗ್ ಮಾಡುವ ಭಾಗದಿಂದ ಮಾಲಿಬ್ಡಿನಮ್ ಡೈಸಲ್ಫೈಡನ್ನು ಪೂರ್ತಿ ತೆಗೆಯಬೇಕು, ಏಕೆಂದರೆ ಅದರ ಗಂಧಕ ಬೆಸುಗೆಯಲ್ಲಿ ಸೇರಿ ಬಿರುಕಿಗೆ ಕಾರಣವಾಗುತ್ತದೆ. ಎಸ್.ಎಸ್. ಮೇಲಿನ ಫಿಲ್ಮ್ ಪಿ.ವಿ.ಸಿ. ಆಗಿದ್ದರೆ ಅದರ ಮೇಲೆ ಗ್ಯಾಸ್ ಟಾರ್ಚಿನ ಬೆಂಕಿ ಹಿಡಿಯಲೇಬಾರದು. ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಏಳುತ್ತದೆ. ತೊಳೆದಾದ ಮೇಲೆ ಮತ್ತೆ ಅದೇ ನೀರಿನ ಹಾಳೆಯ ಪರೀಕ್ಷೆ ಮಾಡಿ, ಒಣಗಿಸಿ, ಉಕ್ಕಿನ ಭಾಗಕ್ಕೆ ತುಕ್ಕುನಿರೋಧಕ ಎಣ್ಣೆ ಹಚ್ಚಿ ಮುಚ್ಚಿಡಬೇಕು.

ತೊಳೆದ ನೀರನ್ನು ಚರಂಡಿಗೆ ಬಿಟ್ಟರೆ ಅದು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ಅಳಿವೆಗೇ ಹೋಗಿ ಸೇರುತ್ತದೆ; ಆ ಅಳಿವೆಗಳಲ್ಲಿ ಮೀನು, ಸೀಗಡಿ, ಬಳಚು ಹಿಡಿದು ಬದುಕುವವರಿದ್ದಾರೆ. ಆಮ್ಲದ ಮತ್ತು ಫಾಸ್ಫೇಟಿನ ನೀರಿಗೆ ಸುಣ್ಣದ ತಿಳಿಯನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಪಿ.ಎಚ್. 9ರ ಹತ್ತಿರ ತಂದರೆ ಸತು, ಕಬ್ಬಿಣ, ಫಾಸ್ಫೇಟ್ ಬಹುಪಾಲು ಗಸಿಯಾಗಿ ತಳಕ್ಕಿಳಿಯುತ್ತವೆ. ಒಂದು ರಾತ್ರಿ ಬಿಟ್ಟು, ಮೇಲಿನ ತಿಳಿಯನ್ನು ಬೇರೆ ತೊಟ್ಟಿಗೆ ತೆಗೆದು, ತಳದ ಗಸಿಯನ್ನು ಒಣಗಿಸಿ ಚೀಲದಲ್ಲಿ ಕಟ್ಟಿಟ್ಟು, ಅಪಾಯಕಾರಿ ತ್ಯಾಜ್ಯ ಒಯ್ಯುವ ಪರವಾನಗಿ ಇರುವವರಿಗೆ ಕೊಡಬೇಕು. ಎಣ್ಣೆ ಬೆರೆತ ನೀರನ್ನು ಇದರೊಂದಿಗೆ ಸೇರಿಸದೆ ಬೇರೆ ಡ್ರಮ್ಮಿನಲ್ಲಿಡಬೇಕು. ಇಷ್ಟಕ್ಕೆ ಜಾಗವಾಗಲಿ ಆಳಾಗಲಿ ಇಲ್ಲದ ವರ್ಕ್‌ಶಾಪು ಫಾಸ್ಫೇಟಿನ ಗೋಜಿಗೆ ಹೋಗದೆ, ಎಸ್.ಎಸ್. ಮತ್ತು ಅಲ್ಯೂಮಿನಿಯಂಗೆ ಫಿಲ್ಮ್, ಉಕ್ಕಿಗೆ ಕೊಬ್ಬಿನಂಶದ ಎಣ್ಣೆ ಇಟ್ಟುಕೊಂಡು, ಆಳವಾದ ಬಟ್ಟಲನ್ನು ಒಂದೇ ಏಟಿಗೆ ತೆಗೆಯುವ ಬದಲು ಎರಡು ಹಂತಗಳಲ್ಲಿ ಎಳೆಯುವುದು ಸರಿಯಾದ ಆಯ್ಕೆ.